ಪೇಟೆ ಮಧ್ಯದ ಹಳೇ ಕಟ್ಟಡ: ಕೆಳಗೆ ಅಂಗಡಿ, ಮೇಲೆ ಅತಿಥಿ ಕೊಠಡಿ

ಹಳೇ ಕಟ್ಟಡವೊಂದನ್ನು ಕೊಳ್ಳುವ ಅಥವಾ ದೀರ್ಘ ಗುತ್ತಿಗೆಗೆ ಹಿಡಿಯುವ ಮನಸ್ಸಿದೆಯೇ? ಹಾಗಾದರೆ ಒಮ್ಮೆ ಜೋರು ಮಳೆಯಲ್ಲಿ ಹೋಗಿ ನೋಡಿ. ಬಿಸಿಲಿನ ದಿನ ಎಲ್ಲ ಹಳೇ ಕಟ್ಟಡಗಳೂ ಚೆನ್ನಾಗಿಯೇ ಕಾಣುತ್ತವೆ. ಎತ್ತರದ ಚಾವಣಿ, ದಪ್ಪ ಗೋಡೆ, ಸವೆದ ಮೆಟ್ಟಿಲು ನೋಡುತ್ತಿದ್ದಂತೆ ನಮ್ಮ ಮನಸ್ಸು ಬಣ್ಣ, ದೀಪ, ನಾಮಫಲಕದ ತನಕ ಓಡಿರುತ್ತದೆ. ಮಳೆ ಬಂದಾಗ ಮಾತ್ರ ಕಟ್ಟಡ ತನ್ನ ಕಷ್ಟ ಹೇಳಿಕೊಳ್ಳುತ್ತದೆ. ನೀರು ಎಲ್ಲಿ ನಿಲ್ಲುತ್ತದೆ, ಯಾವ ಮೂಲೆಯಲ್ಲಿ ಗೋಡೆಗುಂಟ ಇಳಿಯುತ್ತದೆ, ಪಾಯದ ಬುಡಕ್ಕೆ ಎಲ್ಲಿಂದ ಹರಿದು ಬರುತ್ತದೆ, ಎಲ್ಲವೂ ಒಂದೇ ಗಂಟೆಯಲ್ಲಿ ಗೊತ್ತಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಪೇಟೆ ಮಧ್ಯೆ ಇರುವ, ಎರಡು ಮೂರು ಅಂತಸ್ತಿನ, ಇಟ್ಟಿಗೆ ಅಥವಾ ಕಲ್ಲಿನ ಗೋಡೆ ಮತ್ತು ಮರದ ತೊಲೆಗಳ ಕಟ್ಟಡದ ಬಗ್ಗೆ. ಕೆಳಗೆ ಊರಿನವರದೇ ಸಣ್ಣ ವ್ಯಾಪಾರ, ಮೇಲೆ ಆರೆಂಟು ಅತಿಥಿ ಕೊಠಡಿ. ಇಂಥ ಕೆಲಸದಲ್ಲಿ ನಾನು ಗಟ್ಟಿಯಾಗಿ ನಂಬಿರುವುದು ಒಂದೇ. ನಮ್ಮ ಯೋಜನೆಗೆ ತಕ್ಕಂತೆ ಕಟ್ಟಡವನ್ನು ಬಗ್ಗಿಸಲು ಹೋದರೆ ದುಡ್ಡೂ ಹೋಗುತ್ತದೆ, ಕಟ್ಟಡವೂ ಹೋಗುತ್ತದೆ. ಕಟ್ಟಡಕ್ಕೆ ತಕ್ಕಂತೆ ಯೋಜನೆಯನ್ನು ಬಗ್ಗಿಸಿಕೊಂಡರೆ ಎರಡೂ ಉಳಿಯುತ್ತವೆ.

ಮೊದಲು ದಾಖಲೆ, ಆಮೇಲೆ ಸುತ್ತಿಗೆ

ಮೊದಲ ಕೆಲಸ ಕಾಗದದ್ದು. ಒಡೆತನದ ಪತ್ರಗಳು, ಪಕ್ಕದ ಕಟ್ಟಡದ ಜೊತೆ ಹಂಚಿಕೊಂಡಿರುವ ಗೋಡೆ, ದಾರಿ ಮತ್ತು ಚರಂಡಿಯ ಹಕ್ಕು, ಈಗಾಗಲೇ ಇರುವ ಬಾಡಿಗೆದಾರರ ಒಪ್ಪಂದ, ಇಷ್ಟನ್ನೂ ವಕೀಲರಿಂದ ಓದಿಸಿ. ಪಾರಂಪರಿಕ ಪಟ್ಟಿಯಲ್ಲಿ ಕಟ್ಟಡವಿದೆಯೇ ಎಂದು ವಿಚಾರಿಸಿ. ಇದ್ದರೆ ಮುಂಭಾಗ, ಕಿಟಕಿ, ಚಾವಣಿ ಮುಟ್ಟಲು ಅನುಮತಿ ಬೇಕಾಗುತ್ತದೆ. ಕೆಲವು ದೇಶಗಳಲ್ಲಿ ಇದರಿಂದ ಲಾಭವೂ ಉಂಟು. ಅಮೆರಿಕದಲ್ಲಿ ಮಾನ್ಯತೆ ಪಡೆದ ಐತಿಹಾಸಿಕ ಕಟ್ಟಡವನ್ನು ಆದಾಯ ತರುವ ಬಳಕೆಗೆ ಸರಿಯಾದ ಕ್ರಮದಲ್ಲಿ ದುರಸ್ತಿ ಮಾಡಿದರೆ, ಅರ್ಹ ಖರ್ಚಿನ 20 ಶೇಕಡಾದಷ್ಟು ಕೇಂದ್ರ ತೆರಿಗೆ ರಿಯಾಯಿತಿ ಸಿಗುತ್ತದೆ. ನಿಮ್ಮಲ್ಲಿ ಏನಿದೆ ಎಂದು ಕೆಲಸ ಶುರು ಮಾಡುವ ಮೊದಲೇ ಕೇಳಿ. ಎಷ್ಟೋ ಯೋಜನೆಗಳಲ್ಲಿ ಒಡೆದ ಮೇಲೆ ಕೊಟ್ಟ ಅರ್ಜಿಗೆ ಬೆಲೆ ಇರುವುದಿಲ್ಲ.

ಅಂಗಡಿಗಷ್ಟೇ ಅನುಮತಿ ಇರುವ ಕಟ್ಟಡದಲ್ಲಿ ಜನ ಮಲಗುವಂತೆ ಮಾಡುವುದು ಬಳಕೆಯ ಬದಲಾವಣೆ. ಅಗ್ನಿಶಾಮಕದವರ ಒಪ್ಪಿಗೆಯೂ ಬೇರೆ ಬೇಕು. ನಕ್ಷೆ ಪೂರ್ತಿಯಾದ ಮೇಲೆ ಅವರ ಬಳಿ ಹೋಗಬೇಡಿ. ಕೈಯಲ್ಲಿ ಬರೆದ ಒಂದು ಹಾಳೆ ಹಿಡಿದುಕೊಂಡು ಮೊದಲೇ ಹೋಗಿ ಕೂತು ಮಾತಾಡಿ. ಎರಡನೇ ಮೆಟ್ಟಿಲು ಬೇಕೇ ಬೇಡವೇ ಅನ್ನುವ ಒಂದು ಉತ್ತರದ ಮೇಲೆ ಕೊಠಡಿಗಳ ಲೆಕ್ಕವೇ ಬದಲಾಗಬಹುದು.

ಇದರ ಜೊತೆಗೇ ಕಟ್ಟಡದ ಅಳತೆ ನಕ್ಷೆ ಮಾಡಿಸಿ. ಪ್ರತಿ ಗೋಡೆಯ, ಪ್ರತಿ ಚಾವಣಿಯ ಫೋಟೋ ತೆಗೆಯಿರಿ. ಬಾಗಿಲು ಕಿಟಕಿಗಳಿಗೆಲ್ಲ ನಂಬರ್ ಕೊಡಿ. ಒಂದು ಕಡೆ ಅಂಗೈ ಅಗಲದಷ್ಟು ಜಾಗದಲ್ಲಿ ಬಣ್ಣದ ಪದರಗಳನ್ನು ಒಂದೊಂದಾಗಿ, ಮೆಟ್ಟಿಲಿನ ಹಾಗೆ ಕೆರೆಸಿ ನೋಡಿ. ಕಟ್ಟಡ ಯಾವ ಯಾವ ಕಾಲದಲ್ಲಿ ಯಾವ ಬಣ್ಣದಲ್ಲಿತ್ತು ಅನ್ನುವುದು ಅಲ್ಲಿ ಸಿಗುತ್ತದೆ. ಆದರೆ ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಅಮೆರಿಕ ಮನೆ ಬಣ್ಣಗಳಲ್ಲಿ ಸೀಸವನ್ನು ನಿಷೇಧಿಸಿದ್ದೇ 1978ರಲ್ಲಿ. ಅದಕ್ಕಿಂತ ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ, ಬೆಂಕಿಯಿಂದ ಕಾಯಿಸಬೇಡಿ. ಮೊದಲು ಪರೀಕ್ಷೆ ಮಾಡಿಸಿ, ಒದ್ದೆ ಮಾಡಿಯೇ ಕೆರೆಯಿರಿ. ಕಲ್ನಾರಿನ (ಆಸ್ಬೆಸ್ಟಾಸ್) ಶೀಟು, ಹಳೇ ಪೈಪಿಗೆ ಸುತ್ತಿರುವ ಹೊದಿಕೆಗೂ ಇದೇ ಮಾತು. ಅದನ್ನು ಕೊರೆಯುವುದು, ಒಡೆಯುವುದು ಬೇಡ. ತರಬೇತಿ ಪಡೆದವರಿಂದಲೇ ತೆಗೆಸಿ.

ಕಟ್ಟಡದ ಕಾಯಿಲೆ ಎಲ್ಲಿದೆ?

ಹಳೇ ಕಟ್ಟಡಕ್ಕೆ ಬರುವ ತೊಂದರೆಗಳಲ್ಲಿ ಬಹುಪಾಲಿಗೆ ಮೂಲ ನೀರು. ಗೋಡೆಯಲ್ಲಿ ತೇವ ಕಂಡ ಕೂಡಲೇ ರಾಸಾಯನಿಕ ತುಂಬುವವರನ್ನು ಕರೆಯುವುದು ಅಭ್ಯಾಸವಾಗಿದೆ. ಅದಕ್ಕೂ ಮೊದಲು ಹೊರಗೆ ಹೋಗಿ ನೋಡಿ. ಮಾಡಿನ ಅಂಚಿನಲ್ಲಿ ಮಳೆನೀರು ಹರಿಯುವ ನೀರಿನ ದೋಣಿಯಲ್ಲಿ ಎಲೆ ತುಂಬಿದೆಯೇ? ಮಳೆನೀರಿನ ಪೈಪು ಗೋಡೆಯ ಕಡೆಯ ಮೈಯಲ್ಲಿ ಒಡೆದಿದೆಯೇ? ರಸ್ತೆಗೆ ಪದರದ ಮೇಲೆ ಪದರ ಹಾಕಿ, ಈಗ ಅದು ಒಳಗಿನ ನೆಲಕ್ಕಿಂತ ಮೇಲೆ ಬಂದಿದೆಯೇ? ಒಂದು ಪೈಪು ಬದಲಿಸಿ, ಒಂದು ಚರಂಡಿ ಸರಿಮಾಡಿ ಕೆಲವು ತಿಂಗಳು ಕಾದರೆ ಎಷ್ಟೋ ಗೋಡೆಗಳು ತಾವಾಗಿಯೇ ಒಣಗುತ್ತವೆ.

ಬಿರುಕುಗಳ ವಿಷಯದಲ್ಲಿ ಗಾಬರಿಯೂ ಬೇಡ, ಉದಾಸೀನವೂ ಬೇಡ. ಬಿರುಕು ಹಳೆಯದೋ, ಈಗಲೂ ಬೆಳೆಯುತ್ತಿದೆಯೋ ಅನ್ನುವುದೇ ಮುಖ್ಯ ಪ್ರಶ್ನೆ. ಅಳತೆ ಗೆರೆಗಳಿರುವ ಸಣ್ಣ ಪ್ಲಾಸ್ಟಿಕ್ ಪಟ್ಟಿಗಳು ಸಿಗುತ್ತವೆ. ಬಿರುಕಿನ ಎರಡೂ ಕಡೆ ಅಂಟಿಸಿ ತಿಂಗಳಿಗೊಮ್ಮೆ ಅಳತೆ ಬರೆದಿಡಿ. ಮಳೆ, ಬಿಸಿಲು, ಚಳಿ ಮೂರೂ ದಾಟಬೇಕು. ಅಂದರೆ ಒಂದು ವರ್ಷ. ಅಷ್ಟು ಕಾಯುವ ತಾಳ್ಮೆ ಯಾರಿಗಿರುತ್ತದೆ ಅನ್ನಬಹುದು. ಅನುಮತಿ, ಸಾಲ, ನಕ್ಷೆಗಳಿಗೆ ಹೇಗೂ ಅಷ್ಟೇ ಸಮಯ ಹಿಡಿಯುತ್ತದೆ ಅಲ್ವಾ? ಪಟ್ಟಿಯನ್ನು ಮೊದಲ ವಾರವೇ ಅಂಟಿಸಿಬಿಡಿ.

ಮರವನ್ನು ಕಣ್ಣಲ್ಲಿ ನೋಡಿದರೆ ಸಾಲದು. ಬಡಗಿಯ ಕೈಯಲ್ಲಿ ಒಂದು ದಬ್ಬಳ ಕೊಟ್ಟು ಚುಚ್ಚಿಸಿ. ತೊಲೆಗಳು ನಡುವೆ ಗಟ್ಟಿಯಿದ್ದರೂ ಗೋಡೆಯೊಳಗೆ ಹೋಗಿರುವ ತುದಿಯಲ್ಲಿ ಕೊಳೆತಿರುತ್ತವೆ, ಏಕೆಂದರೆ ತೇವ ನಿಲ್ಲುವುದು ಅಲ್ಲೇ. ಮರದಲ್ಲಿ ತೇವ 20 ಶೇಕಡಾ ದಾಟಿ ಹಾಗೇ ಉಳಿದರೆ ಕೊಳೆಯುವ ಶಿಲೀಂಧ್ರಕ್ಕೆ ದಾರಿಯಾಗುತ್ತದೆ. ಗೆದ್ದಲಿಗೂ ತೇವದ ಮರವೆಂದರೆ ಹಬ್ಬ. ತುದಿ ಮಾತ್ರ ಹಾಳಾಗಿದ್ದರೆ ಇಡೀ ತೊಲೆ ಕಿತ್ತೆಸೆಯಬೇಕಿಲ್ಲ. ಕೊಳೆತ ಭಾಗ ಕತ್ತರಿಸಿ, ಅದೇ ಜಾತಿಯ ಒಣ ಮರವನ್ನು ಜೋಡಿಸಬಹುದು. ಇಲ್ಲವೇ ಎರಡೂ ಕಡೆ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟ್ ಹಾಕಬಹುದು. ಹಳೇ ಕಾಡಿನ ಮರದ ಆ ಒತ್ತು ಎಳೆ ಇವತ್ತಿನ ಹೊಸ ಮರದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಉಳಿಸಿಕೊಳ್ಳುವುದೇ ಜಾಣತನ.

ನಡುವೆ ಯಾರಾದರೂ ಕಾಂಕ್ರೀಟ್ ಚಾವಣಿಯೋ ಸಜ್ಜೆಯೋ ಸೇರಿಸಿದ್ದರೆ ಅದನ್ನೂ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿರಬಹುದು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಸಿಡಿಸುತ್ತದೆ.

ಈ ಹಂತದಲ್ಲಿ ಹಳೇ ಕಟ್ಟಡಗಳ ಅನುಭವವಿರುವ ಸ್ಟ್ರಕ್ಚರಲ್ ಎಂಜಿನಿಯರ್ ಬೇಕೇ ಬೇಕು. ಹೊಸ ಕಾಂಕ್ರೀಟ್ ಕಟ್ಟಡಗಳನ್ನಷ್ಟೇ ಮಾಡಿದವರು ಹೆದರಿ ಎಲ್ಲವನ್ನೂ ಕೆಡವಿ ಎನ್ನುವ ಸಂಭವವಿದೆ.

ಯಾವ ಭಾರ ಎಲ್ಲಿಗೆ

ಈಗ ಯೋಜನೆ. ಜನ ವಾಸಿಸುವ ಕೋಣೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಎಂದು ಲೆಕ್ಕ ಹಿಡಿಯುವುದು ರೂಢಿ. ಅಂಗಡಿಗೆ ಸುಮಾರು ಅದರ ಎರಡರಷ್ಟು. ಸರಕು ಪೇರಿಸಿಡುವ ಗೋದಾಮಿಗೆ ಇನ್ನೂ ಜಾಸ್ತಿ. ಕೆಳಗೆ ಅಂಗಡಿ, ಮೇಲೆ ವಾಸ ಎಂಬ ಹಳೇ ಪೇಟೆಗಳ ಕ್ರಮದಲ್ಲಿ ಎಷ್ಟು ವಿವೇಕವಿದೆ ನೋಡಿ. ಭಾರ ನೆಲಕ್ಕೆ ಹತ್ತಿರ, ಹಗುರ ಬಳಕೆ ಮರದ ತೊಲೆಗಳ ಮೇಲೆ. ಆ ಕ್ರಮವನ್ನು ಹಾಗೇ ಉಳಿಸಿಕೊಳ್ಳಿ. ಮೇಲೆ ಪುಸ್ತಕದಂಗಡಿ ಮಾಡುವ ಆಸೆಯಿದ್ದರೆ ಎಂಜಿನಿಯರನ್ನು ಕೇಳಿಯೇ ಮಾಡಿ. ಪುಸ್ತಕದ ಭಾರ ನಮ್ಮ ಅಂದಾಜಿಗಿಂತ ಯಾವಾಗಲೂ ಜಾಸ್ತಿ.

ನೀರೂ ಹಾಗೇ. 1,000 ಲೀಟರಿನ ಟ್ಯಾಂಕ್ ಎಂದರೆ ಒಂದು ಟನ್. ಹಳೇ ಮಾಳಿಗೆಯ ಮೇಲೆ ಅದನ್ನು ಕೂರಿಸಬೇಡಿ. ನೆಲದಲ್ಲಿ ತೊಟ್ಟಿ ಇಟ್ಟು ಒತ್ತಡದ ಪಂಪ್ ಹಾಕಿದರೆ ಕೆಲಸ ನಡೆಯುತ್ತದೆ. ತುಂಬಿದ ಸ್ನಾನದ ತೊಟ್ಟಿ ಸುಲಭವಾಗಿ 200 ಕಿಲೋ ದಾಟುತ್ತದೆ, ಅದನ್ನೂ ಬಿಟ್ಟುಬಿಡಿ. ಶವರ್ ಸಾಕು.

ಕೊಠಡಿಗಳ ಸಂಖ್ಯೆ ಜಾಸ್ತಿ ಮಾಡಲು ದೊಡ್ಡ ಹಜಾರವನ್ನು ತುಂಡು ತುಂಡು ಮಾಡುವ ಆಸೆ ಬಂದೇ ಬರುತ್ತದೆ. ಸ್ಮಾರಕಗಳ ಸಂರಕ್ಷಣೆಗೆ ಜಗತ್ತಿನಾದ್ಯಂತ ಆಧಾರವಾಗಿರುವ 1964ರ ವೆನಿಸ್ ಸನ್ನದು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕಟ್ಟಡಕ್ಕೆ ಸಮಾಜಕ್ಕೆ ಬೇಕಾದ ಬಳಕೆ ಕೊಡುವುದು ಅದರ ಉಳಿವಿಗೆ ಒಳ್ಳೆಯದು, ಆದರೆ ಆ ಬಳಕೆಗಾಗಿ ಅದರ ವಿನ್ಯಾಸ, ಅಲಂಕಾರ ಬದಲಾಗಬಾರದು ಎನ್ನುತ್ತದೆ. ಆಸ್ಟ್ರೇಲಿಯಾದಲ್ಲಿ 1979ರಲ್ಲಿ ಒಪ್ಪಿಕೊಂಡ ಬರ್ರಾ ಸನ್ನದಿನ ಸಾರವೂ ಹೀಗೇ: ಅಗತ್ಯವಿರುವಷ್ಟು ಮಾಡಿ, ಉಳಿದದ್ದನ್ನು ಆದಷ್ಟು ಕಮ್ಮಿ ಬದಲಿಸಿ. ಹಜಾರವನ್ನು ಎಲ್ಲರೂ ಕೂರುವ ಜಾಗವಾಗಿ ಬಿಡಿ. ಹೊಸ ಅಡ್ಡಗೋಡೆ ಬೇಕಾದರೆ ಹಗುರವಾದದ್ದು ಹಾಕಿ. ಹಳೇ ಚಾವಣಿಯ ಅಂಚುಪಟ್ಟಿಯನ್ನು ಕತ್ತರಿಸದೆ ಅದರ ಆಕಾರಕ್ಕೆ ಸರಿಯಾಗಿ ಗೋಡೆಯ ತುದಿ ಕೊರೆಸಿ. ನಾಳೆ ಯಾರೋ ಅದನ್ನು ತೆಗೆದರೂ ಹಳೇ ಕೋಣೆ ಹಾಗೇ ಸಿಗಬೇಕು.

ಒಂದೇ ಕಟ್ಟಡದಲ್ಲಿ ಎಲ್ಲವೂ ಇರಬೇಕೆಂದೂ ಇಲ್ಲ. ಇಟಲಿಯಲ್ಲಿ 'ಅಲ್ಬೆರ್ಗೊ ದಿಫ್ಫುಸೊ' ಎಂಬ ಪದ್ಧತಿ ಇದೆ. ಹಾಗೆಂದರೆ ಹರಡಿಕೊಂಡ ಹೋಟೆಲ್. 1976ರ ಭೂಕಂಪದ ನಂತರ ಫ್ರಿಯೂಲಿ ಪ್ರದೇಶದ ಖಾಲಿ ಮನೆಗಳಿಗೆ ಮತ್ತೆ ಜೀವ ತುಂಬುವ ಯೋಚನೆಯಿಂದ ಅದು ಬೆಳೆಯಿತು. ಸ್ವಾಗತ ಕೌಂಟರ್ ಒಂದು ಕಡೆ, ಕೊಠಡಿಗಳು ಅಕ್ಕಪಕ್ಕದ ಹಳೇ ಮನೆಗಳಲ್ಲಿ. ನಿಮ್ಮ ಕಟ್ಟಡದಲ್ಲಿ ನಾಲ್ಕೇ ಕೊಠಡಿ ಚೆನ್ನಾಗಿ ಕೂರುವುದಾದರೆ ನಾಲ್ಕೇ ಮಾಡಿ. ಬಟ್ಟೆ ಒಗೆಯುವ ಜಾಗ, ಸಾಮಾನು ಕೋಣೆ ಪಕ್ಕದ ಕಟ್ಟಡದಲ್ಲಿ ಬಾಡಿಗೆಗೆ ಸಿಗಬಹುದು.

ದುರಸ್ತಿ ಮೇಲಿನಿಂದ ಕೆಳಕ್ಕೆ

ಚಾವಣಿ, ನೀರಿನ ದೋಣಿ, ಚರಂಡಿ ಮೊದಲು. ಆಮೇಲೆ ಆಸರೆ ಕೊಟ್ಟು ತೊಲೆ ಮತ್ತು ಗೋಡೆ. ಒಳಗಿನ ಪ್ಲಾಸ್ಟರ್, ಬಣ್ಣ ಕಟ್ಟಕಡೆಗೆ. ಮಾಡು ಸೋರುವಾಗಲೇ ಕೆಳಗೆ ಒಂದು ಕೋಣೆ ತಯಾರಾಗಲಿ ಎಂದು ಅವಸರ ಪಟ್ಟರೆ ಅದೇ ಕೆಲಸಕ್ಕೆ ಎರಡು ಸಲ ದುಡ್ಡು ಕೊಡಬೇಕಾಗುತ್ತದೆ.

ಇನ್ನು ಗಾರೆ. ಜಾಸ್ತಿ ತಪ್ಪು ನಡೆಯುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಜೋಸೆಫ್ ಆಸ್ಪ್‌ಡಿನ್ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು 1824ರಲ್ಲಿ. ಅದು ಎಲ್ಲ ಕಡೆ ಮಾಮೂಲಾಗಲು ಇನ್ನೂ ಬಹಳ ಕಾಲ ಹಿಡಿಯಿತು. ಹಾಗಾಗಿ ಹಳೇ ಕಟ್ಟಡಗಳ ಗೋಡೆಯಲ್ಲಿ ಸಾಮಾನ್ಯವಾಗಿ ಇರುವುದು ಸುಣ್ಣದ ಅಥವಾ ಮಣ್ಣಿನ ಗಾರೆ. ಸುಣ್ಣದ ಗಾರೆ ಮೆತ್ತಗಿರುತ್ತದೆ. ಗೋಡೆ ಚೂರು ಅಲುಗಿದರೆ ಅದೂ ಅಲುಗುತ್ತದೆ. ಗೋಡೆಗೆ ಸೇರಿದ ನೀರು ಗಾರೆಯ ಸಂದಿನಿಂದ ಹೊರಗೆ ಬಂದು ಆರುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಈ ದಾರಿ ಮುಚ್ಚಿಹೋಗುತ್ತದೆ. ಆಗ ನೀರು ಇಟ್ಟಿಗೆಯ ಮೂಲಕವೇ ಹೊರಬರಬೇಕು. ಬರುವಾಗ ಉಪ್ಪನ್ನೂ ತರುತ್ತದೆ. ಉಪ್ಪು ಹರಳುಗಟ್ಟಿದಾಗ ಇಟ್ಟಿಗೆಯ ಮುಖ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಸಂದು ಗಟ್ಟಿಯಾಗಿ ಉಳಿದು ಇಟ್ಟಿಗೆ ಸವೆದುಹೋದ ಗೋಡೆ ನೋಡಿದ್ದೀರಲ್ಲ, ಅದರ ಕಥೆ ಇದೇ. ಗಾರೆ ಯಾವಾಗಲೂ ಇಟ್ಟಿಗೆಗಿಂತ ಮೆತ್ತಗಿರಬೇಕು. ಸವೆಯುವುದಾದರೆ ಅದು ಸವೆಯಲಿ, ಮತ್ತೆ ತುಂಬಬಹುದು.

ಹಳೇ ಗಾರೆಯ ಒಂದು ತುಣುಕನ್ನು ಪರೀಕ್ಷೆಗೆ ಕೊಟ್ಟು, ಸುಣ್ಣ ಮತ್ತು ಮರಳಿನ ಪಾಲು ತಿಳಿದುಕೊಳ್ಳಿ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಸಾಮಾನ್ಯ ಲೆಕ್ಕ, ಆದರೂ ನಿಮ್ಮ ಗೋಡೆಯ ಲೆಕ್ಕವೇ ಮುಖ್ಯ. ಹಳೇ ಸಂದನ್ನು ಉಳಿಯಿಂದ ಕೈಯಲ್ಲೇ ಬಿಡಿಸಿ. ಕತ್ತರಿಸುವ ಯಂತ್ರ ಹಚ್ಚಿದರೆ ಇಟ್ಟಿಗೆಯ ಅಂಚು ಹೋಗುತ್ತದೆ. ಸಂದಿನ ಅಗಲದ ಎರಡರಷ್ಟಾದರೂ ಆಳಕ್ಕೆ ಹೋಗಬೇಕು. ನೀರು ಚಿಮುಕಿಸಿ, ಗಾರೆ ಒತ್ತಿ ತುಂಬಿ, ಒದ್ದೆ ಗೋಣಿ ಹೊದಿಸಿ ಕೆಲವು ದಿನ ತಂಪಾಗಿಡಿ. ಬಿಸಿಲಿಗೆ ಬೇಗ ಒಣಗಿದ ಸುಣ್ಣ ಪುಡಿಯಾಗುತ್ತದೆ. 5 ಡಿಗ್ರಿಗಿಂತ ಕೆಳಗಿನ ಚಳಿಯಲ್ಲೂ ಈ ಕೆಲಸ ಬೇಡ. ಸುಟ್ಟ ಸುಣ್ಣವನ್ನು ನೀರಿಗೆ ಹಾಕಿ ಅರಳಿಸುವಾಗ ಅದು ಕುದಿದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ.

ಗೋಡೆ ತೊಳೆಯಲು ಮರಳು ಊದುವ ಯಂತ್ರ ಖಂಡಿತ ಬೇಡ. ಸುಟ್ಟ ಇಟ್ಟಿಗೆಯ ಗಟ್ಟಿ ಹೊರಮೈ ಒಮ್ಮೆ ಹೋದರೆ ಹೋಯಿತು. ನೀರು, ಮೆದು ಬ್ರಷ್, ತಾಳ್ಮೆ ಸಾಕು. ಹೊಳೆಯುವ ಪ್ಲಾಸ್ಟಿಕ್ ಬಣ್ಣವೂ ಉಸಿರಾಡುವ ಗೋಡೆಗೆ ಸರಿಯಲ್ಲ, ಸುಣ್ಣದ ಬಣ್ಣವೇ ಸರಿ.

ಬೆಂಕಿ

ಜನ ನಿದ್ದೆ ಮಾಡುವ ಕಟ್ಟಡ ಇದು. ಈ ಭಾಗದಲ್ಲಿ ಉಳಿತಾಯದ ಯೋಚನೆ ಬೇಡ.

ದುರಸ್ತಿ ನಡೆಯುವ ದಿನಗಳೇ ಬಹಳ ಅಪಾಯದ ದಿನಗಳು. ಇಂಗ್ಲೆಂಡಿನ ಅಪ್‌ಪಾರ್ಕ್ ಬಂಗಲೆ 1989ರಲ್ಲಿ ಸುಟ್ಟದ್ದು ಚಾವಣಿಯ ಸೀಸದ ಹಾಳೆ ದುರಸ್ತಿಗೆ ಬಳಸುತ್ತಿದ್ದ ಬೆಂಕಿಯಿಂದ. ಕೆಲಸ ಮುಗಿಯುವುದರಲ್ಲಿತ್ತು. ಪ್ಯಾರಿಸ್ಸಿನ ನೋತ್ರ್ ದಾಮ್‌ಗೆ 2019ರಲ್ಲಿ, ಗ್ಲಾಸ್ಗೋ ಕಲಾಶಾಲೆಯ ಕಟ್ಟಡಕ್ಕೆ 2018ರಲ್ಲಿ ಬೆಂಕಿ ಬಿದ್ದಾಗಲೂ ಅಲ್ಲಿ ಜೀರ್ಣೋದ್ಧಾರ ನಡೆಯುತ್ತಿತ್ತು. ವೆಲ್ಡಿಂಗ್, ಬೆಂಕಿ ಬಳಸುವ ಯಾವುದೇ ಕೆಲಸಕ್ಕೆ ಆ ದಿನದ ಲಿಖಿತ ಪರವಾನಗಿ ಇರಲಿ. ಸಂಜೆಗೆ ಮೊದಲೇ ನಿಲ್ಲಿಸಿ. ನಿಲ್ಲಿಸಿದ ಮೇಲೆ ಒಂದು ಗಂಟೆಯಾದರೂ ಒಬ್ಬರು ಅಲ್ಲೇ ಇದ್ದು ನೋಡಬೇಕು. ಮರದೊಳಗೆ ಕೆಂಡ ಸದ್ದಿಲ್ಲದೆ ಹೊಗೆಯಾಡುತ್ತಿರುತ್ತದೆ.

ಕಟ್ಟಡದೊಳಗೆ ಮುಖ್ಯವಾದದ್ದು ಅಂಗಡಿ ಮತ್ತು ಕೊಠಡಿಗಳ ನಡುವಿನ ತಡೆ. ಅಂಗಡಿಯ ಚಾವಣಿಗೆ ಬೆಂಕಿ ತಡೆಯುವ ಪದರ ಕೊಡಿ. ಪೈಪು, ವೈರು ಹೋಗುವ ಪ್ರತಿ ತೂತನ್ನೂ ಬೆಂಕಿ ತಡೆಯುವ ಮಸಾಲೆಯಿಂದ ಮುಚ್ಚಿ. ಹಳೇ ಕಟ್ಟಡಗಳಲ್ಲಿ ಚಾವಣಿಯ ಮೇಲೆ, ಗೋಡೆ ಹಲಗೆಗಳ ಹಿಂದೆ ಟೊಳ್ಳು ಜಾಗಗಳಿರುತ್ತವೆ. ಹೊಗೆ ಅದರೊಳಗಿಂದಲೇ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿಬಿಡುತ್ತದೆ. ಅಲ್ಲಲ್ಲಿ ಅಡ್ಡ ತಡೆ ಹಾಕಿಸಿ. ಅತಿಥಿಗಳ ಮೆಟ್ಟಿಲು ಅಂಗಡಿಯೊಳಗಿಂದ ಹೋಗಬಾರದು, ಬೀದಿಗೆ ನೇರ ಬಾಗಿಲಿರಲಿ. ಹೊಗೆ ಪತ್ತೆ ಮಾಡುವ ಅಲಾರಂಗಳು ಒಂದಕ್ಕೊಂದು ಜೋಡಿಸಿರಬೇಕು, ಕೆಳಗೆ ಬಡಿದರೆ ಮೇಲೂ ಬಡಿಯಬೇಕು.

ದಪ್ಪ ಮರದ ಬಗ್ಗೆ ಒಂದು ಸಮಾಧಾನದ ಮಾತು. ಬೆಂಕಿಯಲ್ಲಿ ಅದು ನಿಮಿಷಕ್ಕೆ ಸುಮಾರು 0.7 ಮಿಲಿಮೀಟರಿನಷ್ಟು ಮಾತ್ರ ಇದ್ದಿಲಾಗುತ್ತದೆ. ಆ ಇದ್ದಿಲೇ ಒಳಗಿನ ಮರವನ್ನು ಕಾಯುತ್ತದೆ. ಹೊದಿಕೆ ಇಲ್ಲದ ಉಕ್ಕು ಬಿಸಿಗೆ ಬೇಗ ಬಾಗುತ್ತದೆ. ಹಾಗಾಗಿ ತೊಲೆಗೆ ಹೊಸದಾಗಿ ಕೊಟ್ಟ ಉಕ್ಕಿನ ಪಟ್ಟಿಗೆ ರಕ್ಷಣೆ ಕೊಡಲು ಮರೆಯಬೇಡಿ.

ಬಚ್ಚಲು, ವೈರು, ಸದ್ದು

ಸ್ನಾನದ ಕೋಣೆಗಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿ. ಪೈಪುಗಳೆಲ್ಲ ಒಂದೇ ಕಂಡಿಯಲ್ಲಿ ಇಳಿಯಲಿ, ಅದಕ್ಕೆ ತೆರೆಯುವ ಬಾಗಿಲಿರಲಿ. ಕೆಳಗಿನ ಅಂಗಡಿಯವರ ಸರಕಿನ ಮೇಲೆ ಬಚ್ಚಲು ಬರದಿದ್ದರೆ ಮುಂದಿನ ಎಷ್ಟೋ ಜಗಳ ತಪ್ಪುತ್ತದೆ. ಹಳೇ ಗೋಡೆಗೆ ನೇರ ಟೈಲ್ಸ್ ಅಂಟಿಸುವ ಬದಲು ಸ್ವಲ್ಪ ಮುಂದೆ ಬೇರೆ ಹಲಗೆ ನಿಲ್ಲಿಸಿ ಅದಕ್ಕೆ ಟೈಲ್ಸ್ ಹಾಕಿ. ಆವಿ ಹೊರಗೆ ಹೋಗಲು ಫ್ಯಾನ್ ಕಡ್ಡಾಯ. ಬಿಸಿನೀರಿನ ಟ್ಯಾಂಕ್ 60 ಡಿಗ್ರಿಯಲ್ಲಿರಲಿ. ಖಾಲಿ ಬಿದ್ದ ಕೊಠಡಿಯ ನಲ್ಲಿ, ಶವರುಗಳನ್ನು ವಾರಕ್ಕೊಮ್ಮೆ ಕೆಲವು ನಿಮಿಷ ಬಿಡಿ. ನಿಂತ ನೀರಲ್ಲಿ ಬೆಳೆಯುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಅಪಾಯ.

ಹಳೇ ವೈರಿಂಗ್ ಪೂರ್ತಿ ತೆಗೆಸಿ. ಪ್ರತಿ ಅಂಗಡಿಗೆ ಬೇರೆ ಮೀಟರ್, ಕೊಠಡಿಗಳಿಗೆ ವಿದ್ಯುತ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿಯರಿನ ಸ್ವಿಚ್.

ಅತಿಥಿಗಳ ದೂರುಗಳಲ್ಲಿ ಸದ್ದಿನದು ಬಹಳ ದೊಡ್ಡ ಪಾಲು. ಪೇಟೆಯ ಗದ್ದಲ ಇಷ್ಟಪಟ್ಟು ಬಂದವರಿಗೂ ರಾತ್ರಿ ನಿದ್ದೆ ಬೇಕು. ಹಳೇ ಕಿಟಕಿ ಕಿತ್ತುಹಾಕಬೇಡಿ. ಅದರ ಒಳಗಡೆ 100 ಮಿಲಿಮೀಟರಿಗೂ ಹೆಚ್ಚು ಅಂತರ ಬಿಟ್ಟು ಇನ್ನೊಂದು ಗಾಜಿನ ಕಿಟಕಿ ಹಾಕಿಸಿ. ನಡುವಿನ ಆ ಗಾಳಿಯ ಅಂತರವೇ ಸದ್ದನ್ನು ಕುಗ್ಗಿಸುತ್ತದೆ, ಬೀದಿಯಿಂದ ನೋಡಿದರೆ ಹಳೇ ಮುಖವೂ ಹಾಗೇ ಕಾಣುತ್ತದೆ. ನೆಲದ ಹಲಗೆಗಳ ಕೆಳಗೆ ಖನಿಜ ಉಣ್ಣೆ ತುಂಬಿಸಿ, ಅಂಚಿನ ಬಿರುಕುಗಳನ್ನು ಮುಚ್ಚಿಸಿ. ಗಾಳಿ ತೂರುವ ಕಡೆಯೆಲ್ಲ ಸದ್ದೂ ತೂರುತ್ತದೆ.

ಮೆಟ್ಟಿಲು ಹತ್ತಲಾಗದವರಿಗಾಗಿ ಕೆಳಗೇ ಒಂದು ಕೊಠಡಿ ಇಡಿ. ಹಿಂಬದಿಯ ಅಂಗಳದ ಕಡೆಯಾದರೂ ಆದೀತು. ಇಳಿಜಾರು ಒಂದಡಿ ಏರಲು ಹನ್ನೆರಡಡಿ ಉದ್ದವಿರಲಿ. ಬಾಗಿಲು ಗಾಲಿಕುರ್ಚಿ ನುಗ್ಗುವಷ್ಟು ಅಗಲವಿರಲಿ.

ಅಂಗಡಿಯವರು ಯಾರು?

ಬಾಡಿಗೆ ಜಾಸ್ತಿ ಕೊಡುವ ದೊಡ್ಡ ಮಳಿಗೆ ಮೊದಲು ಬಂದು ನಿಲ್ಲುತ್ತದೆ. ಅದಕ್ಕೆ ಇಡೀ ನೆಲಮಹಡಿ ಕೊಟ್ಟುಬಿಟ್ಟರೆ ಅದು ಹೋದ ದಿನ ಎಲ್ಲವೂ ಖಾಲಿ. ನಾಲ್ಕು ಸಣ್ಣ ಅಂಗಡಿಗಳಿದ್ದರೆ ಒಂದು ಹೋದರೂ ಮೂರು ಉಳಿಯುತ್ತವೆ. ಹಳೇ ಕಟ್ಟಡಗಳಲ್ಲಿ ಕಂಬಗಳ ನಡುವಿನ ಅಂತರವೇ ಸಣ್ಣ ಅಂಗಡಿಗಳ ಅಳತೆಗೆ ಇರುತ್ತದೆ, ಗೋಡೆ ಒಡೆಯುವ ಕೆಲಸವೂ ಇಲ್ಲ. ಅಮೆರಿಕದ ಐತಿಹಾಸಿಕ ಸಂರಕ್ಷಣಾ ರಾಷ್ಟ್ರೀಯ ಟ್ರಸ್ಟ್ 1977ರಲ್ಲಿ ಮೂರು ಊರುಗಳ ಮುಖ್ಯ ಬೀದಿಗಳಲ್ಲಿ ಪ್ರಯೋಗ ಶುರುಮಾಡಿತು. ಹಳೇ ಕಟ್ಟಡಗಳನ್ನು ಚೆಂದ ಮಾಡಿದರಷ್ಟೇ ಸಾಲದು, ಬೀದಿಯ ವ್ಯಾಪಾರವನ್ನೂ ಜೊತೆಗೇ ಎತ್ತಿ ನಿಲ್ಲಿಸಬೇಕು ಎಂಬ ತಿಳಿವಳಿಕೆಯಲ್ಲೇ ಆ ಕಾರ್ಯಕ್ರಮ ಮುಂದೆ ಬೆಳೆಯಿತು.

ಈಗಾಗಲೇ ಅಲ್ಲಿ ವ್ಯಾಪಾರ ಮಾಡುತ್ತಿರುವವರಿದ್ದರೆ ಅವರ ಜೊತೆ ಮೊದಲು ಕೂತು ಮಾತಾಡಿ. ಎಲ್ಲಿ ಸೋರುತ್ತದೆ, ಯಾವ ಬಾಗಿಲು ಮಳೆಗಾಲದಲ್ಲಿ ಬಿಗಿಯಾಗುತ್ತದೆ ಅವರಿಗೆ ಗೊತ್ತು. ಕೆಲಸ ನಡೆಯುವಾಗ ಅವರಿಗೆ ಬೇರೆ ಜಾಗ, ಮುಗಿದ ಮೇಲೆ ವಾಪಸ್ ಬರುವ ಹಕ್ಕು ಬರವಣಿಗೆಯಲ್ಲಿ ಕೊಡಿ. ದುರಸ್ತಿಯಾದ ಮೇಲೆ ಅವರೇ ಇರದಿದ್ದರೆ ನನಗಂತೂ ಆ ಕಟ್ಟಡ ಅರ್ಧ ಮಾತ್ರ ಉಳಿದ ಹಾಗೆ ಅನ್ನಿಸುತ್ತದೆ. ಒಪ್ಪಂದದಲ್ಲಿ ಗೋಡೆಗೆ ಮೊಳೆ ಎಲ್ಲಿ ಹೊಡೆಯಬಹುದು, ಫಲಕ ಎಷ್ಟು ದೊಡ್ಡದು, ಅಡುಗೆಯ ಹೊಗೆ ಯಾವ ದಾರಿ, ಸರಕು ಇಳಿಸುವುದು ಎಷ್ಟು ಹೊತ್ತಿಗೆ ಎಂದು ಬರೆದಿಡಿ. ಬೆಳಗಿನ ಜಾವ ಡಬ್ಬಗಳ ಸದ್ದು ಮೇಲಿನ ಹಾಸಿಗೆಗೆ ನೇರ ಕೇಳುತ್ತದೆ.

ದುಡ್ಡಿನ ಲೆಕ್ಕದಲ್ಲಿ ಅಂದಾಜಿನ ಮೇಲೆ 20 ಶೇಕಡಾದಷ್ಟಾದರೂ ಬೇರೆ ತೆಗೆದಿಡಿ. ಪ್ಲಾಸ್ಟರ್ ಕಿತ್ತಾಗ ಏನು ಸಿಗುತ್ತದೋ ಯಾರಿಗೂ ಮೊದಲೇ ಹೇಳಲಾಗದು. ಇಡೀ ಕಟ್ಟಡದ ಚಾವಣಿ ಮತ್ತು ರಚನೆ ಮುಗಿದ ಮೇಲೆ ಅಂಗಡಿಗಳನ್ನು ಮೊದಲು ತೆರೆಯಬಹುದು. ಆ ಬಾಡಿಗೆ ಬರುತ್ತಿರುವಾಗ ಕೊಠಡಿಗಳನ್ನು ಮುಗಿಸಿದರೆ ಸಾಲದ ಭಾರ ಹಗುರಾಗುತ್ತದೆ.

ತೆರೆಯುವ ಮೊದಲು, ತೆರೆದ ಮೇಲೆ

ಮೊದಲ ಅತಿಥಿ ಬರುವ ಮುಂಚೆ ಪ್ರತಿ ಕೊಠಡಿಯಲ್ಲೂ ಒಂದೊಂದು ರಾತ್ರಿ ನೀವೇ ಮಲಗಿ. ಎಲ್ಲ ಶವರುಗಳನ್ನೂ ಒಟ್ಟಿಗೆ ಬಿಟ್ಟು, ಕೆಳಗಿನ ಅಂಗಡಿಯಲ್ಲಿ ಯಾರನ್ನಾದರೂ ನಿಲ್ಲಿಸಿ ಚಾವಣಿ ನೋಡಲು ಹೇಳಿ. ರಾತ್ರಿ ದೀಪ ಆರಿಸಿ ಕತ್ತಲಲ್ಲಿ ಬೀದಿಯ ತನಕ ನಡೆದು ಹೋಗಿ. ತುರ್ತು ದೀಪ ದಾರಿ ತೋರಿಸುತ್ತದೋ ಇಲ್ಲವೋ ಆಗ ಗೊತ್ತಾಗುತ್ತದೆ.

ಆಮೇಲೆ ಒಂದು ದಪ್ಪ ಪುಸ್ತಕ ಇಡಿ. ಯಾವ ತೊಲೆಯ ತುದಿ ಬದಲಾಯಿತು, ಗಾರೆಯ ಪಾಲು ಎಷ್ಟು, ಯಾವ ಗೋಡೆಯೊಳಗೆ ಯಾವ ಪೈಪಿದೆ, ಎಲ್ಲ ಅದರಲ್ಲಿ ಬರೆಯಿರಿ. ಹೊಸದಾಗಿ ಸೇರಿಸಿದ ಮರದ ಮೇಲೆ ಕಾಣದ ಜಾಗದಲ್ಲಿ ಇಸವಿ ಕೆತ್ತಿಸಿ, ಮುಂದಿನವರಿಗೆ ಹಳೆಯದು ಯಾವುದು ಹೊಸದು ಯಾವುದು ತಿಳಿಯಲಿ. ವರ್ಷಕ್ಕೆ ಎರಡು ಸಲ ನೀರಿನ ದೋಣಿಯ ಎಲೆ, ಕಸ ತೆಗೆಸಿ. ತೆರೆದ ಮೇಲಿನ ಮೊದಲ ದೊಡ್ಡ ಮಳೆಗೆ ಟಾರ್ಚ್ ಹಿಡಿದು ಅಟ್ಟ ಹತ್ತಿ, ಹಿಂದೆ ನೀರು ಇಳಿದಿದ್ದ ಮೂಲೆಗೆ ಕೈ ಇಟ್ಟು ನೋಡಿ. ಒಣಗಿದ್ದರೆ ಅದನ್ನೂ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ.